‘ನೋಡೋಣ’ ಅನ್ನುವುದನ್ನು ಬಿಟ್ಟ ಮೇಲೆ

ನಾನೊಬ್ಬನೇ ಕೂತು ಮಾಡಿದ ಸಣ್ಣ ಆ್ಯಪ್ ಒಂದಿದೆ. ಟಿಪ್ಪಣಿ ಬರೆದಿಟ್ಟುಕೊಳ್ಳುವುದಕ್ಕೆ, ಅಷ್ಟೇ. ತೆರೆದರೆ ಖಾಲಿ ಹಾಳೆ, ಬರೆದರೆ ಉಳಿಯುತ್ತದೆ. ಲಾಗಿನ್ ಇಲ್ಲ, ಇಂಟರ್ನೆಟ್ ಬೇಕಿಲ್ಲ, ಬರೆದದ್ದು ಫೋನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಶುರುವಿನಲ್ಲಿ ಇದನ್ನೆಲ್ಲ ತತ್ವ, ಮೌಲ್ಯ ಅಂತೇನೂ ಅಂದುಕೊಂಡಿರಲಿಲ್ಲ. ಸರ್ವರ್ ನಡೆಸುವ ತಾಪತ್ರಯ ನನಗೆ ಬೇಡವಾಗಿತ್ತು, ಯಾರದೋ ಗುಟ್ಟು ನನ್ನ ಕೈಗೆ ಬರುವುದೂ ಬೇಡವಾಗಿತ್ತು. ಅದು ತತ್ವ ಅಂತ ಗೊತ್ತಾಗಿದ್ದು ಮುರಿದ ಮೇಲೆಯೇ.

ಬಳಸುವವರು ಹೆಚ್ಚಾದ ಹಾಗೆ ಇಮೇಲ್‌ಗಳು ಬರತೊಡಗಿದವು. ಅದು ಹಾಕಿ, ಇದು ತೆಗೆಯಿರಿ. ನನಗೋ ‘ಇಲ್ಲ’ ಅನ್ನಲು ಬಾಯಿ ಬರುವುದಿಲ್ಲ. ಎಲ್ಲರಿಗೂ ಒಂದೇ ಉತ್ತರ: ‘ಒಳ್ಳೆಯ ಸಲಹೆ, ನೋಡೋಣ.’ ನಮ್ಮ ಮಾತಿನಲ್ಲಿ ಈ ‘ನೋಡೋಣ’ಕ್ಕೆ ಎದುರಿಗೆ ಕೂತಾಗ ಒಂದು ಅರ್ಥ, ಬರೆದಾಗ ಇನ್ನೊಂದು. ಎದುರಿಗೆ ಅಂದರೆ ಮುಖ ನೋಡಿಯೇ ‘ಇದು ಆಗುವುದಲ್ಲ’ ಅಂತ ತಿಳಿದುಕೊಳ್ಳುತ್ತಾರೆ. ಬರೆದು ಕಳಿಸಿದರೆ ಅದೇ ಒಪ್ಪಿಗೆಯಾಗಿಬಿಡುತ್ತದೆ. ಮೂರು ತಿಂಗಳಾದ ಮೇಲೆ ‘ನೋಡೋಣ ಅಂದಿದ್ದಿರಿ, ಏನಾಯಿತು?’ ಅಂತ ಮತ್ತೆ ಪತ್ರ. ಆಗ ತಪ್ಪಿತಸ್ಥನ ಹಾಗೆ ರಾತ್ರಿ ಕೂತು ಮಾಡಿಕೊಡುತ್ತಿದ್ದೆ.

ಇಬ್ಬರು ಒಂದಕ್ಕೊಂದು ವಿರುದ್ಧವಾದದ್ದು ಕೇಳಿದರೆ? ಅದಕ್ಕೂ ನನ್ನ ಹತ್ತಿರ ಉಪಾಯವಿತ್ತು, ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ವಿಚ್ಚು. ಅಳಿಸುವ ಮುಂಚೆ ‘ಖಚಿತವೇ?’ ಎಂದು ಕೇಳಬೇಕೆನ್ನುವವರಿಗೆ ಆನ್, ಅದು ಕಿರಿಕಿರಿ ಅನ್ನುವವರಿಗೆ ಆಫ್. ಹೊಸ ಟಿಪ್ಪಣಿ ಮೇಲೆ ಬರಬೇಕೋ ಕೆಳಗೋ, ಅದಕ್ಕೊಂದು. ಎಲ್ಲರ ಕೈಲೂ ಸೈ ಅನ್ನಿಸಿಕೊಂಡೆ ಅಂತ ಒಳಗೊಳಗೇ ಖುಷಿ. ಲೆಕ್ಕ ಹಾಕಿದ್ದು ತಡವಾಗಿ. ಇಂಥ 10 ಸ್ವಿಚ್ಚಿದ್ದರೆ ಆ್ಯಪ್ 1,024 ಬಗೆಯಲ್ಲಿ ನಡೆದುಕೊಳ್ಳಬಹುದು. 20 ಆದರೆ 10,48,576 ಬಗೆ. ಅಂದರೆ ಬಳಸುವ ಒಬ್ಬೊಬ್ಬರ ಕೈಯಲ್ಲೂ ನಾನು ಒಮ್ಮೆಯೂ ಪರೀಕ್ಷಿಸಿ ನೋಡದ ಆ್ಯಪ್ ಇರುವ ಸಾಧ್ಯತೆಯೇ ಹೆಚ್ಚು.

ಆದರೂ ಕೆಟ್ಟದ್ದು ಅದಲ್ಲ. ಎಲ್ಲಕ್ಕಿಂತ ಹೆಚ್ಚು ಜನ ಕೇಳುತ್ತಿದ್ದದ್ದು ಸಿಂಕ್. ಎರಡು ಫೋನಿನಲ್ಲಿ ಒಂದೇ ಟಿಪ್ಪಣಿ ಬೇಕು. ಬೇಡವೆಂದು ಮನಸ್ಸು ಹೇಳುತ್ತಿತ್ತು, ಆದರೂ ಹಾಕಿದೆ. ‘ಈ ತಿಂಗಳ ಕೊನೆಗೆ’ ಎಂದು ಯಾರಿಗೋ ಮಾತು ಕೊಟ್ಟಿದ್ದರಿಂದ ಅವಸರದಲ್ಲಿ ಹಾಕಿದೆ. ಎರಡು ಪ್ರತಿ ಬೇರೆಬೇರೆಯಾಗಿದ್ದರೆ ಯಾವುದರ ಸಮಯ ಈಚಿನದೋ ಅದನ್ನು ಉಳಿಸಿಕೊಂಡು ಇನ್ನೊಂದನ್ನು ಅಳಿಸುವುದು, ಇದು ನಾನು ಬಳಸಿದ ಸುಲಭದ ದಾರಿ. ಹಳೆಯ ಪ್ರತಿಯನ್ನು ಇಟ್ಟುಕೊಳ್ಳಲಿಲ್ಲ, ಜಾಗ ಉಳಿಸಲು. ಬೇರೆ ಬೇರೆ ಯಂತ್ರಗಳ ಗಡಿಯಾರ ನಂಬಿ ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದು ಅಪಾಯ ಅನ್ನುವುದೇನೂ ಹೊಸ ವಿಷಯವಲ್ಲ. ಗಡಿಯಾರವನ್ನು ನೆಚ್ಚದೆ ಘಟನೆಗಳ ಕ್ರಮ ಹೇಳುವ ದಾರಿಯನ್ನು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ತೋರಿಸಿದ್ದರು. ನಾನೂ ಓದಿದ್ದೆ. ಓದಿದ್ದು ಬೇರೆ, ತಿಂಗಳ ಕೊನೆ ಹತ್ತಿರ ಬಂದಾಗ ಮಾಡಿದ್ದು ಬೇರೆ.

ಒಂದು ಬೆಳಿಗ್ಗೆ ಬಂದ ಪತ್ರ ಎರಡೇ ಸಾಲಿನದು. ‘ಅಪ್ಪನ ಜ್ವರ, ಮಾತ್ರೆ ಕೊಟ್ಟ ಹೊತ್ತು ಎಲ್ಲ ಇದರಲ್ಲಿ ಬರೆಯುತ್ತಿದ್ದೆ. ಹನ್ನೊಂದು ದಿನದ್ದು ಕಾಣಿಸುತ್ತಿಲ್ಲ, ಎಲ್ಲಿ ಹುಡುಕಲಿ?’

ಹುಡುಕಲು ಎಲ್ಲೂ ಇರಲಿಲ್ಲ. ಅವರ ಮನೆಯ ಹಳೆಯ ಫೋನಿನಲ್ಲಿ ದಿನಾಂಕ ಸುಮಾರು ಒಂದು ತಿಂಗಳು ಮುಂದಿತ್ತು. ಹನ್ನೊಂದು ದಿನದ ಹಿಂದೆ ಅದರಲ್ಲಿ ಏನೋ ಒಂದಕ್ಷರ ತಿದ್ದಿದ್ದರು, ಆ ತಿದ್ದುಪಡಿಗೆ ಇನ್ನೂ ಬಾರದ ತಾರೀಖಿನ ಮೊಹರು ಬಿತ್ತು. ಆಮೇಲೆ ಹೊಸ ಫೋನಿನಲ್ಲಿ ದಿನಾ ಬರೆದದ್ದೆಲ್ಲ ಆ ಮೊಹರಿನ ಮುಂದೆ ‘ಹಳೆಯದು’. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಫೋನಿಗೆ ನೆಟ್‌ವರ್ಕ್ ಸಿಕ್ಕ ಗಳಿಗೆಯಲ್ಲಿ ನನ್ನ ಕೋಡು ಬಹಳ ವಿಧೇಯವಾಗಿ ಹನ್ನೊಂದು ದಿನವನ್ನು ಒರೆಸಿಹಾಕಿತು. ನಾನು ಉದ್ದಕ್ಕೆ ಕ್ಷಮಾಪಣೆ ಬರೆದೆ. ‘ಪರವಾಗಿಲ್ಲ ಬಿಡಿ, ನೆನಪಿದ್ದಷ್ಟು ಡಾಕ್ಟರಿಗೆ ಹೇಳುತ್ತೇನೆ’ ಅಂತ ಉತ್ತರ ಬಂತು. ಬೈದಿದ್ದರೆ ಹಗುರಾಗುತ್ತಿತ್ತು.

ಆ ವಾರ ಕೋಡ್ ಮುಟ್ಟಲಿಲ್ಲ. ಒಂದು ಹಾಳೆಯ ಮೇಲೆ ಮೂರು ಸಾಲು ಬರೆದೆ. ಬರೆದದ್ದು ನಿಮ್ಮ ಫೋನಿನಲ್ಲೇ ಇರುತ್ತದೆ. ಯಾವಾಗ ಬೇಕಾದರೂ ಸಾದಾ ಫೈಲಾಗಿ ಹೊರಗೆ ತೆಗೆದುಕೊಳ್ಳಬಹುದು. ನೀವು ಯಾರೆಂದು ಆ್ಯಪ್ ಕೇಳುವುದಿಲ್ಲ. ಮೊದಲು ಒಂಬತ್ತು ಸಾಲಿದ್ದವು. ‘ಗುಣಮಟ್ಟ’, ‘ಬಳಕೆದಾರರೇ ಮುಖ್ಯ’ ಅಂಥವನ್ನು ಹೊಡೆದುಹಾಕಿದೆ, ಯಾಕೆಂದರೆ ಅವುಗಳನ್ನು ಹಿಡಿದುಕೊಂಡು ಯಾವ ಕೋರಿಕೆಗೂ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ. ಸಿಂಕನ್ನು ಹಾಕಿದ್ದೂ ‘ಬಳಕೆದಾರರೇ ಮುಖ್ಯ’ ಅಂತಲೇ ಅಲ್ಲವೇ?

ಸಿಂಕ್ ತೆಗೆದೆ. ಎರಡು ತಿಂಗಳು ಮುಂಚೆ ಹೇಳಿ, ಎಲ್ಲವನ್ನೂ ಹೊರಗೆ ತೆಗೆದುಕೊಳ್ಳುವ ಬಟನ್ ಕೊಟ್ಟು, ಆಮೇಲೆ. ಜನ ಸಿಟ್ಟಾದರು, ಬಿಟ್ಟು ಹೋದರು, ಒಂದು ಸ್ಟಾರ್ ಕೊಟ್ಟರು. ಅದರಲ್ಲಿ ಮೊದಲಿನಿಂದ ಜೊತೆಗಿದ್ದವರೂ ಇದ್ದರು. ಇದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಕೊನೆಗೆ ಎಲ್ಲರೂ ಮೆಚ್ಚಿದರು’ ಅಂತ ಮುಗಿಸುತ್ತಾರೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಹೋದವರು ಹೋದರು.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನನ್ನ ಗಟ್ಟಿತನವೇನಲ್ಲ. ಒಬ್ಬ ಗೆಳತಿಗೆ ಹಾಳೆ ತೋರಿಸಿದ್ದೆ, ಕಷ್ಟದ ಉತ್ತರಗಳನ್ನು ಕಳಿಸುವ ಮುಂಚೆ ಅವಳು ಓದುತ್ತಿದ್ದಳು. ‘ಕೊನೆಯ ಸಾಲಿನಲ್ಲಿ ಮತ್ತೆ ಜಾರಿದ್ದೀಯ’ ಅನ್ನುತ್ತಿದ್ದಳು. ಸೊಲೊಮನ್ ಆ್ಯಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗ ಮನಶ್ಶಾಸ್ತ್ರ ಓದಿದವರಿಗೆ ಗೊತ್ತು. ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸದಲ್ಲೂ, ಸುತ್ತ ಕೂತವರೆಲ್ಲ ತಪ್ಪು ಉತ್ತರ ಹೇಳಿದಾಗ, ಕಣ್ಣೆದುರಿಗಿನದನ್ನು ಬಿಟ್ಟು ಅವರ ಉತ್ತರವನ್ನೇ ಹೇಳಿದವರು ಬಹಳ. ಅದರಲ್ಲಿ ನನಗೆ ಉಪಯೋಗಕ್ಕೆ ಬಂದ ಭಾಗ ಬೇರೆ: ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೂ ಹಾಗೆ ವಾಲುವುದು ತೀರಾ ಕಡಿಮೆಯಾಗುತ್ತಿತ್ತು. ನನಗೂ ಒಬ್ಬಳು ಸಾಕಾದಳು.

‘ಇಲ್ಲ’ ಅನ್ನುವುದು ರೂಢಿಯಾದ ಮೇಲೆ ಇನ್ನೊಂದು ಬಗೆಯಲ್ಲಿ ಎಡವಿದೆ. ಅಕ್ಷರ ದೊಡ್ಡದು ಮಾಡಿಕೊಳ್ಳಲು ಅವಕಾಶ ಕೊಡಿ ಅಂತ ಒಬ್ಬರು ಕೇಳಿದರು. ‘ಸರಳತೆ ಈ ಆ್ಯಪಿನ ತತ್ವ, ಕ್ಷಮಿಸಿ’ ಎಂದು ಬರೆದೆ, ಎದೆಯುಬ್ಬಿಸಿಕೊಂಡೇ. ಮಾರನೆಯ ದಿನ ಉತ್ತರ: ‘ನಿಮ್ಮ ಸರಳತೆ ನನ್ನ ಕಣ್ಣಿಗೆ ಕಾಣಿಸುತ್ತಿಲ್ಲ ಸ್ವಾಮಿ, ಅದಕ್ಕೇ ಕೇಳಿದೆ.’

ಹಾಳೆ ತೆಗೆದು ನೋಡಿದೆ. ಮೂರು ಸಾಲಿನಲ್ಲಿ ಎಲ್ಲೂ ‘ಸರಳತೆ’ ಇಲ್ಲ. ಅದು ನನ್ನ ರುಚಿ, ತತ್ವದ ಅಂಗಿ ತೊಟ್ಟುಕೊಂಡು ಬಂದಿತ್ತು. ವೆಬ್ ಪುಟಗಳು ಎಲ್ಲರಿಗೂ ಓದಲು ಸಿಗಬೇಕೆಂದು 2008ರಲ್ಲಿ ಬಂದ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿ, ಅಕ್ಷರವನ್ನು 200 ಪ್ರತಿಶತದವರೆಗೆ ಹಿಗ್ಗಿಸಿದರೂ ಏನೂ ಕೆಡಬಾರದು ಅನ್ನುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂದೂ ಇದೆ. ನನ್ನದು ಆ್ಯಪ್ ನಿಜ, ಆದರೂ ಅದೇ ಅಳತೆ ಹಿಡಿದು ನೋಡಿದೆ. ನಾನು ಬಹಳ ಇಷ್ಟಪಟ್ಟು ಆರಿಸಿದ್ದ ತಿಳಿಬೂದು ಅಕ್ಷರ ಬಿಳಿಯ ಮೇಲೆ ಅಷ್ಟನ್ನು ಮುಟ್ಟಲಿಲ್ಲ. ಒಂದು ವಾರ ಹಿಡಿಯಿತು, ಎರಡನ್ನೂ ಸರಿ ಮಾಡಿದೆ. ಈಗ ‘ಇದು ನನ್ನ ತತ್ವ’ ಅಂತ ಬೆರಳು ಟೈಪಿಸಲು ಹೊರಟಾಗ ಹಾಳೆ ನೋಡುತ್ತೇನೆ. ಒಪ್ಪದಿದ್ದರೆ ನಷ್ಟ ಯಾರಿಗೆ, ಒಪ್ಪಿದರೆ ಯಾರಿಗೆ ಅಂತ ಕೇಳಿಕೊಳ್ಳುತ್ತೇನೆ. ಕಳೆದುಕೊಳ್ಳುವುದು ಬರೀ ನನ್ನ ಸೊಗಸು ಎಂದಾದರೆ ಬಿಟ್ಟುಕೊಡುತ್ತೇನೆ.

ಸ್ವಿಚ್ಚುಗಳಲ್ಲಿ ಬಹುಪಾಲು ಹೋದವು. ಜಾಹೀರಾತು ಹಾಕಿ, ಫೋನಿನ ಗುರುತಷ್ಟೇ ಸಾಕು ಅಂತ ಒಂದು ಕಂಪನಿ ಕೇಳಿತ್ತು. ಮೂರನೆಯ ಸಾಲು ಇದ್ದದ್ದರಿಂದ ಉತ್ತರ ಬರೆಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಉತ್ತರಗಳೂ ಚಿಕ್ಕವಾಗಿವೆ: ಮೊದಲ ಸಾಲಿನಲ್ಲೇ ‘ಇಲ್ಲ, ಇದನ್ನು ಹಾಕುವುದಿಲ್ಲ’, ಎರಡನೆಯದರಲ್ಲಿ ಕಾರಣ, ಗೊತ್ತಿದ್ದರೆ ಮೂರನೆಯದರಲ್ಲಿ ಆ ಕೆಲಸ ಮಾಡುವ ಬೇರೆ ಆ್ಯಪಿನ ಹೆಸರು. ಅವರಿಗೆ ಬೇಕಾದದ್ದು ಇನ್ನೊಂದು ಕಡೆ ಇದ್ದರೆ ಅಲ್ಲಿಗೆ ಕಳಿಸುವುದರಲ್ಲಿ ನನಗೇನು?

ಈಗ ಹೊಸದೊಂದು ಬಂದಿದೆ. ಟಿಪ್ಪಣಿಗೆ ಪಾಸ್‌ವರ್ಡ್ ಬೀಗ ಬೇಕಂತೆ, ಫೋನು ಮನೆಯವರೆಲ್ಲರ ಕೈಯಲ್ಲಿ ಓಡಾಡುತ್ತದಂತೆ. ನ್ಯಾಯವಾದ ಕೋರಿಕೆ. ಆದರೆ ನಿಜವಾದ ಬೀಗ ಹಾಕಿದರೆ ಪಾಸ್‌ವರ್ಡ್ ಮರೆತ ದಿನ ಯಾರೂ, ನಾನೂ, ತೆಗೆಯಲಾಗುವುದಿಲ್ಲ. ‘ಯಾವಾಗ ಬೇಕಾದರೂ ಹೊರಗೆ ತೆಗೆದುಕೊಳ್ಳಬಹುದು’ ಅನ್ನುವ ಸಾಲಿಗೆ ಅಲ್ಲಿ ಪೆಟ್ಟು ಬೀಳುತ್ತದೆ. ಮರೆತವರಿಗೆಂದು ಹಿಂಬಾಗಿಲು ಇಟ್ಟರೆ ಅದು ಬೀಗವೇ ಅಲ್ಲ. ನಾಲ್ಕು ದಿನದಿಂದ ಹಾಳೆ ಮೇಜಿನ ಮೇಲಿದೆ, ಗೆಳತಿಯೂ ಎರಡು ಮನಸ್ಸಿನಲ್ಲಿದ್ದಾಳೆ. ಕೇಳಿದವರಿಗೆ ಮುಂದಿನ ತಿಂಗಳ 5ನೇ ತಾರೀಖಿನೊಳಗೆ ಹೌದೋ ಇಲ್ಲವೋ ಹೇಳುತ್ತೇನೆಂದು ಬರೆದಿದ್ದೇನೆ. ‘ನೋಡೋಣ’ ಅಂತ ಬರೆದಿಲ್ಲ.