ವೃದ್ಧಾಪ್ಯ ವೇತನದ ಅರ್ಜಿ: ಮೊದಲು ಆಧಾರ್ ನೋಡಿ

ನಮ್ಮ ಹೋಬಳಿಯಲ್ಲಿ ವಯಸ್ಸಾದವರಿಗೆ ಪಿಂಚಣಿ ಅರ್ಜಿ ಹಾಕಿಸಿಕೊಡುತ್ತೇನೆ. ಅರ್ಹತೆ ಇದ್ದರೂ ಎಷ್ಟೋ ಜನ ಅರ್ಜಿಯನ್ನೇ ಹಾಕಿರುವುದಿಲ್ಲ. ಅದು ಸೋಮಾರಿತನ ಅಲ್ಲವೇ ಅಲ್ಲ. "ಮಗ ದುಡೀತಾನಲ್ಲ, ನಮಗೆಲ್ಲಿ ಕೊಡ್ತಾರೆ" ಅಂತ ಅವರೇ ತೀರ್ಮಾನ ಮಾಡಿಕೊಂಡು ಕೂತಿರುತ್ತಾರೆ. 2007ರಲ್ಲಿ ಶುರುವಾದ ರಾಜ್ಯ ಸರ್ಕಾರದ ಪಿಂಚಣಿ, ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ನೋಡುವುದು ಗಂಡ ಹೆಂಡತಿಯ ಆದಾಯ. ಬೆಳೆದ ಮಕ್ಕಳಿದ್ದೂ ಅವರು ನೋಡಿಕೊಳ್ಳದಿದ್ದರೆ 65 ತುಂಬಿದವರು ಧಾರಾಳವಾಗಿ ಕೇಳಬಹುದು. ಇದನ್ನು ಮನೆ ಜಗುಲಿಯಲ್ಲಿ ಕೂತು, ಸಾಧ್ಯವಾದರೆ ಮಗ ಇಲ್ಲದ ಹೊತ್ತಿನಲ್ಲಿ ಹೇಳುತ್ತೇನೆ. ಮಗನ ಎದುರಿಗೆ "ನನ್ನ ಮಗ ನೋಡಿಕೊಳ್ಳಲ್ಲ" ಅಂತ ಯಾವ ತಾಯಿ ಬಾಯಿ ಬಿಡುತ್ತಾಳೆ?

ಆಮೇಲೆ ಆಧಾರ್ ಕೈಗೆ ತೆಗೆದುಕೊಳ್ಳುತ್ತೇನೆ. ಕಾರ್ಡ್ ಮಾಡಿಸುವಾಗ ಯಾರೋ ಮುಖ ನೋಡಿ ಅಂದಾಜಿಗೆ ವಯಸ್ಸು ಬರೆದಿರುತ್ತಾರೆ. ಮೊಮ್ಮಗಳ ಮದುವೆ ಮಾಡಿದ ಅಜ್ಜಿಗೆ ಕಾರ್ಡಿನಲ್ಲಿ ಐವತ್ತೇಳು! ತಿದ್ದಿಸೋಣ ಅಂದರೆ ಹುಟ್ಟಿದ ದಿನಾಂಕಕ್ಕೆ ದಾಖಲೆ ಬೇಕು. ಶಾಲೆ ಮೆಟ್ಟಿಲು ಹತ್ತದವರು ಅದನ್ನು ಎಲ್ಲಿಂದ ತರಬೇಕು? ಈ ತಿದ್ದುಪಡಿಗೆ ಸಾಮಾನ್ಯವಾಗಿ ಒಂದೇ ಅವಕಾಶ ಇರುವುದರಿಂದ ಅವಸರ ಮಾಡದೆ ಸರಿಯಾದ ಕಾಗದ ಸಿಕ್ಕ ಮೇಲೇ ಹೋಗುವುದು ಒಳ್ಳೆಯದು.

ಮುಂದಿನದು ಬ್ಯಾಂಕ್. ನಾಡಕಚೇರಿಗೆ ಹೋಗುವ ಮೊದಲೇ ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆ ಅಂತ ಕೇಳಿಸಿಬಿಡುತ್ತೇನೆ. ಪಾಸ್‌ಬುಕ್ ಕೈಯಲ್ಲಿದ್ದರೆ ಸಾಲದು, ಎಲ್ಲಕ್ಕಿಂತ ಕೊನೆಯಲ್ಲಿ ಆಧಾರ್ ಜೋಡಿಸಿದ ಖಾತೆಗೇ ದುಡ್ಡು ಹೋಗುತ್ತದೆ. ಒಬ್ಬ ಅಜ್ಜಿ ಪಿಂಚಣಿ ನಿಂತೇ ಹೋಯಿತು ಅಂತ ಕೊರಗುತ್ತಿದ್ದರು. ನೋಡಿದರೆ ಸಂಘದ ಸಾಲಕ್ಕೆ ಅಂತ ತೆರೆಸಿದ್ದ, ಅವರಿಗೆ ಮರೆತೇ ಹೋಗಿದ್ದ ಇನ್ನೊಂದು ಖಾತೆಯಲ್ಲಿ ತಿಂಗಳು ತಿಂಗಳೂ ಜಮಾ ಆಗುತ್ತಲೇ ಇತ್ತು.

ದುಡ್ಡು ಜಾಸ್ತಿಯೇನಲ್ಲ. 65 ಆದವರಿಗೆ ತಿಂಗಳಿಗೆ 1,200 ರೂಪಾಯಿ, 60ರಿಂದ 64ರವರೆಗಿನವರಿಗೆ 600. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ 80ರ ಒಳಗಿನವರಿಗೆ ಕೇಂದ್ರ ಕೊಡುವುದು ಬರೀ 200, ಉಳಿದದ್ದು ರಾಜ್ಯದ್ದು. ಇದು ಅನ್ಯಾಯ ಅಂತಲೇ ನಾನು ಹೇಳುವುದು. ಆದರೂ ಬಿಪಿ ಮಾತ್ರೆಗೆ ಸೊಸೆಯ ಮುಂದೆ ಕೈ ಚಾಚದೆ ಇರೋದಕ್ಕೆ ಆ 1,200 ಸಾಕಾಗುತ್ತೆ, ಅಲ್ವಾ?

ಮಂಜೂರಾತಿ ಆದೇಶ ಬಂದರೆ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ರೇಷನ್ ಕಾರ್ಡಿನ ಜೊತೆ ಇಡಿಸಿ. ಮಗನ ಊರಿಗೆ ತಿಂಗಳುಗಟ್ಟಲೆ ಹೋಗುವವರು ಗ್ರಾಮ ಆಡಳಿತಾಧಿಕಾರಿಗೆ ಒಂದು ಮಾತು ಹೇಳಿ ಹೋಗಲಿ. ಪರಿಶೀಲನೆಗೆ ಬಂದಾಗ ಮನೆಗೆ ಬೀಗ ಇದ್ದರೆ ಪಿಂಚಣಿ ತಡೆಹಿಡಿಯುವುದುಂಟು.