ಹಳೆಯ ಟುಲಿಪ್ ಗೆಡ್ಡೆಯಲ್ಲಿ ಮತ್ತೆ ಹೂ

ದಾವಣಗೆರೆಯ ಚಳಿ ಟುಲಿಪ್‌ಗೆ ಏನೇನೂ ಸಾಲದು. ಒಮ್ಮೆ ಅರಳಿದ ಗೆಡ್ಡೆಯನ್ನು ಕುಂಡದಲ್ಲೇ ಬಿಟ್ಟರೆ ಮರುವರ್ಷ ಬರುವುದು ಬರೀ ಎಲೆ. ನಮ್ಮ ಮನೆಯಲ್ಲೂ ಅದೇ ಆಗಿತ್ತು.

ಈ ಸಲ ಎಲೆ ಪೂರ್ತಿ ಒಣಗಿದ ಮೇಲೆ ಗೆಡ್ಡೆ ಕಿತ್ತು, ಒತ್ತಿದರೆ ಗಟ್ಟಿಯಾಗಿದ್ದ ದಪ್ಪನೆಯವನ್ನು ಮಾತ್ರ ನೆರಳಿನಲ್ಲಿ ಒಣಗಿಸಿಟ್ಟೆ. ಬೆಳ್ಳುಳ್ಳಿ ಎಸಳಿನಷ್ಟಿರುವ ಮರಿಗಳು ಹೂ ಬಿಡಲು ವರ್ಷಗಳೇ ಬೇಕು. ಸೆಪ್ಟೆಂಬರ್‌ನಲ್ಲಿ ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿಗೆ ಸೇರಿಸಿದೆ: 5 ಡಿಗ್ರಿ ಆಸುಪಾಸಿನಲ್ಲಿ 12ರಿಂದ 14 ವಾರ. ಜೊತೆಯಲ್ಲಿ ಹಣ್ಣು ಇರಲೇಬಾರದು. ಸೇಬು, ಬಾಳೆ ಬಿಡುವ ಎಥಿಲೀನ್ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಸತ್ತೇಹೋಗುತ್ತದೆ. ಹಣ್ಣೆಲ್ಲ ಹೊರಗೆ ಎಂದಾಗ ಮನೆಯವರು ಗೊಣಗಿದರು, ಗೊಣಗಲಿ.

ಡಿಸೆಂಬರ್ ಕೊನೆಗೆ, ಮರಳು ಬೆರೆಸಿದ ಮಣ್ಣಿನಲ್ಲಿ ಚೂಪು ತುದಿ ಮೇಲಾಗಿ ನೆಟ್ಟೆ. ಬರೀ ಎರೆಮಣ್ಣಾದರೆ ನೀರು ನಿಂತು ಕೊಳೆಯುತ್ತದೆ. ಎಲ್ಲವೂ ಅರಳಲಿಲ್ಲ, ಅರಳಿದವುಗಳ ದಂಟು ಗಿಡ್ಡ, ಹೂವೂ ಮೊದಲಿಗಿಂತ ಚಿಕ್ಕದು.