ಶಾಲೆಯ ಇತಿಹಾಸ ಪಾಠಕ್ಕೆ ಅಂತರ್ಜಾಲದ ಆಕರಗಳನ್ನು ಬಳಸುವ ಬಗೆ

ಇತಿಹಾಸ ಪಾಠಕ್ಕೆ ಬೇಕಾದ ಸಾಮಗ್ರಿ ಸಿಗುವುದಿಲ್ಲ ಎಂದು ಶಿಕ್ಷಕರು ದೂರುತ್ತಿದ್ದ ಕಾಲ ಹೋಗಿ, ಸಿಕ್ಕಿದ್ದರಲ್ಲಿ ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕಾದ ಕಾಲ ಬಂದಿದೆ. ಹಿಂದಿನ ರಾತ್ರಿ ‘ಗಂಗರು’ ಎಂದು ಹುಡುಕಿ, ಮೊದಲು ಸಿಕ್ಕ ಹತ್ತು ನಿಮಿಷದ ವಿಡಿಯೊವನ್ನು ಮರುದಿನ ಸ್ಮಾರ್ಟ್ ಕ್ಲಾಸಿನಲ್ಲಿ ಹಾಕಿದರೆ ಪಿರಿಯಡ್ ಮುಗಿಯುತ್ತದೆ, ಮಕ್ಕಳೂ ಗಲಾಟೆ ಮಾಡುವುದಿಲ್ಲ. ಆದರೆ ಪುಸ್ತಕದಲ್ಲಿದ್ದ ಮಾತನ್ನೇ ಮತ್ತೊಬ್ಬರ ದನಿಯಲ್ಲಿ ಕೇಳಿಸಿದಂತಾಗುತ್ತದೆ ಅಷ್ಟೆ. ಕೋಲಾರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ನಾನು ರೂಢಿಸಿಕೊಂಡ ಕ್ರಮ ಇಷ್ಟು: ಪಠ್ಯಪುಸ್ತಕ ಕೊಡಲಾರದ್ದನ್ನು, ಅಂದರೆ ಶಾಸನದ ಪಾಠ, ಹಳೆಯ ವರದಿ, ನಕ್ಷೆ, ಚಿತ್ರ ಮುಂತಾದ ಮೂಲ ಆಕರವನ್ನು ಮಾತ್ರ ಅಂತರ್ಜಾಲದಿಂದ ತರಬೇಕು, ಒಂದು ಪಿರಿಯಡ್ಡಿಗೆ ಒಂದೇ ಆಕರ ಸಾಕು.

ಪಠ್ಯಕ್ಕೆ ಹೊಂದಿಕೊಂಡ ಸಾಮಗ್ರಿಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಗಳ ಪುಸ್ತಕಗಳು ಪಿಡಿಎಫ್ ರೂಪದಲ್ಲಿವೆ. ಪುಸ್ತಕದ ಪುಟದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪಿನಿಂದ ಸ್ಕ್ಯಾನ್ ಮಾಡಿದರೆ ಆಯಾ ಪಾಠದ ವಿಡಿಯೊ ಮತ್ತು ಅಭ್ಯಾಸಗಳು ತೆರೆದುಕೊಳ್ಳುತ್ತವೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಸಮಾಜ ವಿಜ್ಞಾನದ ಪುಟಗಳು ಕನ್ನಡದಲ್ಲಿಯೇ ಇವೆ, ಪಾಠಯೋಜನೆ ಬರೆಯುವಾಗ ಚಟುವಟಿಕೆಗಳಿಗಾಗಿ ಅವನ್ನು ನೋಡಬಹುದು. ಸರ್ಕಾರದ ಕಣಜ ತಾಣದ ಲೇಖನಗಳು ಮಕ್ಕಳಿಗಿಂತ ಹೆಚ್ಚಾಗಿ ಶಿಕ್ಷಕರ ಓದಿಗೆ ಒದಗುತ್ತವೆ. ಇವೆಲ್ಲವೂ ಬೇಕಾದವೇ, ಆದರೆ ಇತಿಹಾಸ ಎಂಬುದು ಎಲ್ಲಿಂದ ಬರುತ್ತದೆ ಎಂಬುದನ್ನು ಇವು ಮಗುವಿಗೆ ತೋರಿಸುವುದಿಲ್ಲ.

ಅದನ್ನು ತೋರಿಸುವುದಕ್ಕೆ ನಮ್ಮ ಕಡೆಯ ಶಿಕ್ಷಕರ ಕೈಯಲ್ಲಿರುವ ದೊಡ್ಡ ಆಸ್ತಿಯೆಂದರೆ ಎಪಿಗ್ರಾಫಿಯಾ ಕರ್ನಾಟಿಕಾ. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮೊದಲ ನಿರ್ದೇಶಕರಾಗಿದ್ದ ಬಿ. ಎಲ್. ರೈಸ್ ಅವರು ಊರೂರಿನ ಶಾಸನಗಳನ್ನು ಓದಿಸಿ, ಜಿಲ್ಲಾವಾರು ಪ್ರಕಟಿಸಿದ ಸಂಪುಟಗಳು ಇವು. ಕೋಲಾರ ಜಿಲ್ಲೆಯದು ಹತ್ತನೆಯ ಸಂಪುಟ, 1905ರದು. ತುಮಕೂರಿನದು ಹನ್ನೆರಡನೆಯದು, 1904ರದು. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಎರಡೂ ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಸ್ಕ್ಯಾನ್ ಪ್ರತಿಗಳಾಗಿ ಉಚಿತವಾಗಿ ಸಿಗುತ್ತವೆ. ಚಿಕ್ಕಬಳ್ಳಾಪುರದ ಶಿಕ್ಷಕರು ತಮ್ಮ ಜಿಲ್ಲೆಯ ಹೆಸರಿನಲ್ಲಿ ಸಂಪುಟ ಹುಡುಕಿ ಸಿಗದೆ ಬೇಸರಪಡುವುದುಂಟು. ಆ ಜಿಲ್ಲೆ ಬೇರೆಯಾದದ್ದು 2007ರಲ್ಲಿ, ಆದ್ದರಿಂದ ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿಗಳ ಶಾಸನಗಳೂ ಕೋಲಾರದ ಸಂಪುಟದಲ್ಲಿಯೇ ಇವೆ.

ಹುಡುಕುವ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳ ಮಂದಿ ಮೊದಲ ದಿನವೇ ಕೈಬಿಡುವುದು ಇಲ್ಲಿಯೇ. ಸಂಪುಟದಲ್ಲಿ ಪೀಠಿಕೆ, ಇಂಗ್ಲಿಷ್ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಎಂಬ ಭಾಗಗಳಿರುತ್ತವೆ. ಸ್ಕ್ಯಾನ್ ಮಾಡಿದವರು ಒಮ್ಮೊಮ್ಮೆ ಅವನ್ನು ಬೇರೆ ಬೇರೆ ಕಡತಗಳಾಗಿ ಏರಿಸಿರುತ್ತಾರೆ, ಹಾಗಾಗಿ ಕನ್ನಡ ಪಾಠ ಕಾಣದಿದ್ದರೆ ಇನ್ನೊಂದು ಕಡತವನ್ನು ತೆರೆದು ನೋಡಬೇಕು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಕ್ರಮಸಂಖ್ಯೆ ಕೊಟ್ಟಿದ್ದಾರೆ. ‘ಮುಳಬಾಗಿಲು 5’ ಎಂಬ ಉಲ್ಲೇಖ ಸಿಕ್ಕರೆ ಅದು ಆ ತಾಲ್ಲೂಕಿನ ಐದನೆಯ ಶಾಸನ, ಮತ್ತು ಇದೇ ಸಂಖ್ಯೆ ಎಲ್ಲ ಭಾಗಗಳಿಗೂ ಬೀಗದ ಕೈ ಇದ್ದಂತೆ. ಊರಿನ ಹೆಸರನ್ನು ಹುಡುಕುವಾಗ ರೈಸ್ ಅವರ ಕಾಲದ ಕಾಗುಣಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಇಂದಿನ ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟ್, ಗೌರಿಬಿದನೂರು ಅಲ್ಲಿ ಗೋರಿಬಿದ್ನೂರ್. ಹುಡುಕು ಪಟ್ಟಿಯಲ್ಲಿ ಊರಿನ ಹೆಸರು ಹೊಡೆದು ಏನೂ ಬಾರದಿದ್ದರೆ ಶಾಸನವೇ ಇಲ್ಲವೆಂದು ತಿಳಿಯಬಾರದು. ಯಂತ್ರ ಆ ಹಳೆಯ ಅಚ್ಚನ್ನು, ಅದರಲ್ಲೂ ಅಕ್ಷರಗಳ ಮೇಲೆ ಕೆಳಗೆ ಚುಕ್ಕಿ ಗೀಟುಗಳಿರುವ ರೋಮನ್ ಪಾಠವನ್ನು, ತಪ್ಪುತಪ್ಪಾಗಿ ಓದಿರುತ್ತದೆ. ತಾಲ್ಲೂಕಿನ ಭಾಗ ಎಲ್ಲಿ ಆರಂಭವಾಗುತ್ತದೆ ಎಂದು ಕಂಡುಕೊಂಡು ಪುಟ ತಿರುವುವುದೇ ಖಚಿತವಾದ ದಾರಿ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಕ್ರಮವೇ ಬೇರೆ, ಆದ್ದರಿಂದ ಯಾವ ಆವೃತ್ತಿಯ ಸಂಖ್ಯೆ ಎಂಬುದನ್ನು ಟಿಪ್ಪಣಿಯಲ್ಲಿ ತಪ್ಪದೆ ಬರೆದುಕೊಳ್ಳಬೇಕು.

ಶಾಸನ ಸಿಕ್ಕ ಮೇಲೆ ತರಗತಿಯಲ್ಲಿ ಮಾಡುವುದೇನು? ಎಂಟನೆಯ ತರಗತಿಯ ‘ಆಧಾರಗಳು’ ಪಾಠಕ್ಕೆ ನಾನು ಅಚ್ಚಿನ ಒಂದೇ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ, ನಾಲ್ಕು ಮಕ್ಕಳಿಗೆ ಒಂದು ಪ್ರತಿಯಂತೆ ಹಂಚುತ್ತೇನೆ. ಮೊದಲು ಅವರು ಶೀರ್ಷಿಕೆಯನ್ನು ಓದಬೇಕು. ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಮುಂದೆ, ಯಾವ ಹೊಲದಲ್ಲಿ ಇತ್ತು ಎಂಬುದನ್ನು ರೈಸ್ ಅವರು ಪ್ರತಿ ಶಾಸನದ ತಲೆಯಲ್ಲಿಯೇ ಹೇಳಿರುತ್ತಾರೆ. ಅದರ ಕೆಳಗೆ ಕಾಲ. ತೇದಿಯಿಲ್ಲದ ಶಾಸನಗಳಿಗೆ ಅವರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಸುಮಾರು’ ಎಂದು ವರ್ಷ ಕೊಡುತ್ತಾರೆ. ಆ ಚಿಹ್ನೆ ಏಕಿದೆ ಎಂದು ಕೇಳಿ ಸುಮ್ಮನಿದ್ದರೆ ಮಕ್ಕಳು ಮೊದಲು ಅಚ್ಚಿನ ತಪ್ಪು ಎನ್ನುತ್ತಾರೆ, ಆಮೇಲೆ ಒಬ್ಬರಾದರೂ ‘ಅವರಿಗೂ ಗ್ಯಾರಂಟಿ ಇರಲಿಲ್ಲ ಸರ್’ ಎನ್ನುತ್ತಾರೆ. ಆ ಉತ್ತರ ಬಂದ ಮೇಲೆ ಲಿಪಿಯ ಆಕಾರ ನೋಡಿ ಕಾಲವನ್ನು ಹೇಗೆ ಊಹಿಸುತ್ತಾರೆ ಎಂಬುದನ್ನು ವಿವರಿಸುವುದು ಸುಲಭ. ಶಕವರ್ಷವಿರುವ ಶಾಸನವಾದರೆ 78 ಕೂಡಿಸುವ ಲೆಕ್ಕವನ್ನು ಮಕ್ಕಳೇ ಮಾಡಲಿ: ಶಕ 1272 ಎಂದರೆ ಕ್ರಿ.ಶ. 1350. ವರ್ಷದ ಕೊನೆಯ ತಿಂಗಳುಗಳಾದರೆ 79 ಆಗುತ್ತದೆ ಎಂಬುದನ್ನು ಹತ್ತನೆಯ ತರಗತಿಯವರಿಗೆ ಮಾತ್ರ ಹೇಳುತ್ತೇನೆ.

ಗಂಗರ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಕಂಡಿಲ್ಲ. ಗಂಗ ಅರಸರ ಬಿರುದುಗಳಲ್ಲಿ ‘ಕುವಲಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಎರಡು ಮಾತುಗಳು ಜೊತೆಜೊತೆಯಾಗಿ ಬರುತ್ತವೆ. ಕುವಲಾಲವೇ ಕೋಲಾರ, ನಂದಗಿರಿಯೇ ನಂದಿಬೆಟ್ಟ ಎಂದು ನಾನು ಹೇಳದೆ, ಹಲಗೆಯ ಮೇಲೆ ಬಿರುದುಗಳನ್ನಷ್ಟೇ ಬರೆದು ‘ಈ ಊರುಗಳಿಗೆ ಯಾರಾದರೂ ಹೋಗಿದ್ದೀರಾ’ ಎಂದು ಕೇಳುತ್ತೇನೆ. ಶಾಸನದ ಕೊನೆಯಲ್ಲಿ ಬರುವ ಶಾಪವಾಕ್ಯವೂ ಮಕ್ಕಳಿಗೆ ಬಹಳ ಇಷ್ಟ. ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ಬರಲಿ ಎಂಬ ಮಾತನ್ನು ಅವರು ವಾರವಿಡೀ ಆಟದ ಮೈದಾನದಲ್ಲಿ ಒಬ್ಬರ ಮೇಲೊಬ್ಬರು ಪ್ರಯೋಗಿಸುತ್ತಾರೆ. ನಮ್ಮ ಭಾಗದಲ್ಲಿ ತಮಿಳಿನ ಶಾಸನಗಳೂ ಸಾಕಷ್ಟಿವೆ, ಕೋಲಾರಮ್ಮನ ಗುಡಿಯ ಚೋಳರ ಶಾಸನಗಳು ಅದಕ್ಕೆ ಉದಾಹರಣೆ. ಮನೆಯಲ್ಲಿ ತೆಲುಗು ಅಥವಾ ತಮಿಳು ಆಡುವ ಮಕ್ಕಳು ತುಂಬಿರುವ ತರಗತಿಯಲ್ಲಿ ಇದನ್ನು ಮುಚ್ಚಿಡುವುದಕ್ಕಿಂತ ತೋರಿಸುವುದೇ ಮೇಲು.

ಚಿತ್ರಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಇದನ್ನು ನಾನು ಪೆಟ್ಟು ತಿಂದು ಕಲಿತೆ. ವಿಜಯನಗರ ಶೈಲಿಯನ್ನು ವಿವರಿಸಲು ಕೋಲಾರದ ಸೋಮೇಶ್ವರ ದೇವಾಲಯದ ಚಿತ್ರವನ್ನು ಅವಸರದಲ್ಲಿ ಹುಡುಕಿ ಪರದೆಯ ಮೇಲೆ ಹಾಕಿ, ಕಂಬಗಳನ್ನು ವರ್ಣಿಸತೊಡಗಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಇದು ಕುರುಡುಮಲೆ ಗುಡಿ, ನಮ್ಮಜ್ಜಿ ಊರು’ ಎಂದಳು. ಅಲ್ಲಿಯೂ ಸೋಮೇಶ್ವರನೇ, ಹಲಸೂರಿನಲ್ಲಿಯೂ ಸೋಮೇಶ್ವರನೇ. ಹೆಸರು ಒಂದಾದರೆ ಯಂತ್ರಕ್ಕೆ ಎಲ್ಲವೂ ಒಂದೇ. ಅಂದಿನಿಂದ ವಿಕಿಮೀಡಿಯ ಕಾಮನ್ಸ್‌ನಂತಹ, ಚಿತ್ರ ತೆಗೆದವರು, ಸ್ಥಳ ಮತ್ತು ದಿನಾಂಕವನ್ನು ನಮೂದಿಸುವ ತಾಣದಿಂದಲೇ ಚಿತ್ರ ತೆಗೆದುಕೊಳ್ಳುತ್ತೇನೆ, ಮತ್ತು ಅದೇ ಕಟ್ಟಡದ ಇನ್ನೊಂದು ಚಿತ್ರದೊಡನೆ ಹೋಲಿಸಿ ನೋಡುತ್ತೇನೆ. ಮರುಬಳಕೆಗೆ ಅನುಮತಿ ಇದೆಯೇ ಎಂಬುದೂ ಅದೇ ಪುಟದಲ್ಲಿ ಗೊತ್ತಾಗುತ್ತದೆ.

ಒಂದೇ ಘಟನೆಯನ್ನು ಹಲವು ಆಕರಗಳು ಹೇಗೆ ಹೇಳುತ್ತವೆ ಎಂದು ಕಲಿಸುವುದಕ್ಕೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ಆರಿಸಿಕೊಳ್ಳಬಹುದು. 1938ರ ಏಪ್ರಿಲ್ 25ರಂದು ಅಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕ ಕಡಿಮೆ, ಜನರ ನೆನಪಿನ ಲೆಕ್ಕ 30ನ್ನು ದಾಟುತ್ತದೆ. ಗಾಂಧೀಜಿಯವರ ಸಮಗ್ರ ಬರಹಗಳ ನೂರು ಸಂಪುಟಗಳೂ ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿವೆ. 1938ರ ಏಪ್ರಿಲ್ ಕೊನೆ ಮತ್ತು ಮೇ ತಿಂಗಳ ಪುಟಗಳನ್ನು ತೆರೆದರೆ ಈ ಘಟನೆಯ ಬಗ್ಗೆ ಅವರು ಆಗಲೇ ಹೇಳಿದ್ದು ಸಿಗುತ್ತದೆ. ಕನ್ನಡ ವಿಕಿಪೀಡಿಯದ ಪುಟ, ಪಠ್ಯಪುಸ್ತಕದ ಸಾಲು, ಗಾಂಧೀಜಿಯವರ ಮಾತು ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು, ಯಾರು, ಯಾವಾಗ, ಎಲ್ಲಿ ಕುಳಿತು ಬರೆದದ್ದು ಎಂಬ ಮೂರು ಕಾಲಮಿನ ಪಟ್ಟಿಯನ್ನು ಮಕ್ಕಳಿಂದ ತುಂಬಿಸಬೇಕು. ಯಾವ ಸಂಖ್ಯೆ ಸರಿ ಎಂದು ತೀರ್ಪು ಕೊಡಲು ಹೋಗಬಾರದು, ಸಂಖ್ಯೆಗಳು ಏಕೆ ಬೇರೆಯಾದವು ಎಂಬುದೇ ಆ ದಿನದ ಪಾಠ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಇತಿಹಾಸವನ್ನು ತಂದು ‘ಇದು ನಿಜವೇ’ ಎಂದು ಕೇಳುವ ಮಕ್ಕಳಿಗೂ ಇದೇ ಪಟ್ಟಿಯನ್ನು ಕೊಡುತ್ತೇನೆ. ಮೊದಲ ಕಾಲಮೇ ಖಾಲಿ ಉಳಿಯುತ್ತದೆ.

ನಕ್ಷೆಗೆ ಗೂಗಲ್ ಅರ್ಥ್ ಸಾಕು. ಅದರ ಅಳತೆಪಟ್ಟಿಯಿಂದ ಶಿವನಸಮುದ್ರದಿಂದ ಕೆಜಿಎಫ್‌ಗೆ ಗೆರೆ ಎಳೆದರೆ ನೇರ ದೂರ ಸುಮಾರು 140 ಕಿಲೋಮೀಟರ್ ಬರುತ್ತದೆ. 1902ರಲ್ಲಿ ಚಿನ್ನದ ಗಣಿಗಳಿಗೆ ವಿದ್ಯುತ್ ತಂದ ತಂತಿಯ ಉದ್ದ 92 ಮೈಲಿ, ಅಂದರೆ 148 ಕಿಲೋಮೀಟರ್. ಆ ತಂತಿ ಎಷ್ಟು ನೇರವಾಗಿ ಬಂದಿತ್ತು ಎಂಬುದನ್ನು ಮಕ್ಕಳು ತಾವೇ ಲೆಕ್ಕ ಹಾಕಿ ಹೇಳುತ್ತಾರೆ. ಊರಿಗೆ ದೀಪ ಬರುವ ಮೊದಲು ಗಣಿಗೇಕೆ ಬಂತು ಎಂಬ ಪ್ರಶ್ನೆ ಅಲ್ಲಿಂದ ತಾನಾಗಿಯೇ ಹುಟ್ಟುತ್ತದೆ. ಹಳೆಯ ಮೈಸೂರು ಗೆಜೆಟಿಯರ್ ಮತ್ತು ಅಪರೂಪದ ಪುಸ್ತಕಗಳಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಇಂಡಿಯನ್ ಕಲ್ಚರ್ ಪೋರ್ಟಲ್, ಸರ್ಕಾರಿ ಕಡತಗಳಿಗೆ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಇವೆ. ಎರಡರಲ್ಲಿಯೂ ಬಹುಪಾಲು ಇಂಗ್ಲಿಷ್ ಆದ್ದರಿಂದ ಶಿಕ್ಷಕರು ಮೊದಲೇ ಓದಿ, ಬೇಕಾದ ಐದಾರು ಸಾಲನ್ನು ಕನ್ನಡಕ್ಕೆ ತಂದಿಟ್ಟುಕೊಳ್ಳಬೇಕು. ಯಂತ್ರದ ಅನುವಾದವನ್ನು ಹಾಗೆಯೇ ಹಂಚಬಾರದು, ಅದು ಊರಿನ ಹೆಸರುಗಳನ್ನೂ ಅನುವಾದಿಸಿಬಿಡುತ್ತದೆ.

ಯಾವುದನ್ನೂ ತರಗತಿಯಲ್ಲಿ ನೇರವಾಗಿ ಅಂತರ್ಜಾಲದಿಂದ ತೆರೆಯುವ ಸಾಹಸ ಬೇಡ. ಕರೆಂಟ್ ಇದ್ದರೆ ನೆಟ್‌ವರ್ಕ್ ಇರುವುದಿಲ್ಲ, ಎರಡೂ ಇದ್ದರೆ ಪಕ್ಕದ ತರಗತಿಯವರು ಪ್ರೊಜೆಕ್ಟರ್ ಒಯ್ದಿರುತ್ತಾರೆ. ಸಂಪುಟವನ್ನು ಪೂರ್ತಿ ಇಳಿಸಿಕೊಂಡು, ಬೇಕಾದ ಪುಟವನ್ನು ಮಾತ್ರ ಚಿತ್ರವಾಗಿ ಪೆನ್‌ಡ್ರೈವ್‌ನಲ್ಲಿಟ್ಟು, ಜೊತೆಗೆ ಜೆರಾಕ್ಸನ್ನೂ ಇಟ್ಟುಕೊಂಡರೆ ಪಾಠ ನಿಲ್ಲುವುದಿಲ್ಲ.

ಕೊನೆಗೆ ಮಕ್ಕಳನ್ನು ಕಲ್ಲಿನ ಬಳಿಗೆ ಕಳುಹಿಸಬೇಕು. ಮುಖ್ಯ ಶಿಕ್ಷಕರ ಅನುಮತಿ ಪಡೆದು, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋದರೆ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ. ಸೀಮೆಸುಣ್ಣ ಉಜ್ಜುವುದು, ಕಡ್ಡಿಯಿಂದ ಕೆರೆಯುವುದು ಬೇಡ ಎಂದು ಹೊರಡುವ ಮೊದಲೇ ಹೇಳಿರಬೇಕು. ವೀರಗಲ್ಲಾದರೆ ಕೆಳಗಿನ ಫಲಕದಿಂದ ಮೇಲಕ್ಕೆ, ಕಾಳಗದಿಂದ ಸ್ವರ್ಗಕ್ಕೆ ಓದಿಸಬೇಕು. ನಮ್ಮ ಶಾಲೆಯಲ್ಲಿ ಇದಕ್ಕೊಂದು ಉದ್ದನೆಯ ರಿಜಿಸ್ಟರ್ ಇದೆ. ಸಂಪುಟದ ಸಂಖ್ಯೆ, ಊರು, ರೈಸ್ ಅವರ ಕಾಲದಲ್ಲಿ ಕಲ್ಲು ಇದ್ದ ಜಾಗ, ಈಗ ಇರುವ ಜಾಗ ಎಂದು ಮಕ್ಕಳೇ ನಾಲ್ಕು ಕಾಲಮು ಎಳೆದಿದ್ದಾರೆ. ನಾಲ್ಕನೆಯ ಕಾಲಮಿನಲ್ಲಿ ‘ಅಲ್ಲಿಯೇ ಇದೆ’ ಎಂದು ಕೆಲವು, ‘ಅರಳಿಕಟ್ಟೆಗೆ ಚಪ್ಪಡಿಯಾಗಿದೆ’ ಎಂದು ಒಂದು, ‘ಅಜ್ಜ ನೋಡಿದ್ದರಂತೆ’ ಎಂದು ಎರಡು ನಮೂದುಗಳಿವೆ.